ಕುರಿಮನೆಯ ಕತ್ತಲೆ, ಸಾಯಗಾಂವದ ಟ್ಯೂಬ್‌ಲೈಟು

ಒಂದು ಸ್ವಿಚ್ಚಿನ ಸಲುವಾಗಿ

ಐವತ್ತನಾಲ್ಕನೆಯ ವಯಸ್ಸಿಗೆ ಮೊದಲ ಸಲ ಸಮುದ್ರ ದಾಟಿದೆ. ದಾಟಿದ ಮೂರನೆಯ ದಿನಕ್ಕೇ ಬೈಸಿಕೊಂಡೆ. ಕಳ್ಳತನ ಮಾಡಿರಲಿಲ್ಲ, ಕುಡಿದು ರಸ್ತೆಯಲ್ಲಿ ಬಿದ್ದಿರಲಿಲ್ಲ. ಕುರಿಮನೆಯ ಲೈಟು ಹಾಕಿದ್ದೆ, ಅಷ್ಟೇ.

ನಾನು ದನದ ಡಾಕ್ಟರು. ಹುಟ್ಟಿದ್ದು ಔರಾದ ತಾಲ್ಲೂಕಿನ ಎಕಂಬಾದಲ್ಲಿ, ಈಗ ಮನೆ ಬೀದರಿನ ಮೈಲೂರಿನಲ್ಲಿ. ನಮ್ಮಪ್ಪ ಕುರಿ ಕಾಯ್ದವರು, ಅವರಪ್ಪ ಕೂಡ. ನಾನು ಸಾಲಿ ಕಲಿತು ಕುರಿಗೆ ಸೂಜಿ ಚುಚ್ಚುವವನಾದೆ. ಚಳಿ ದೇಶದವರು ಗಬ್ಬದ ಕುರಿಗಳನ್ನು ಹೇಗೆ ಜೋಪಾನ ಮಾಡುತ್ತಾರೆ, ನೋಡಿಕೊಂಡು ಬನ್ನಿ ಎಂದು ಇಲಾಖೆಯವರು ನಮ್ಮಂಥ ಎಂಟು ಮಂದಿಯನ್ನು ಫೆಬ್ರುವರಿಯಲ್ಲಿ ನಾರ್ವೆಗೆ ಕಳಿಸಿದರು. ಮೂರು ವಾರದ ತರಬೇತಿ. ಒಬ್ಬೊಬ್ಬರನ್ನು ಒಂದೊಂದು ಊರಿಗೆ ಹಂಚಿದರು. ನನ್ನ ಪಾಲಿಗೆ ಬಂದದ್ದು ಪಶ್ಚಿಮ ಕರಾವಳಿಯ ಒಂದು ಸಣ್ಣ ಹಳ್ಳಿ ಮತ್ತು ಇಂಗ್ರಿಡ್ ಬಾಯಿ.

ಇಂಗ್ರಿಡ್ ಬಾಯಿಗೆ ಅರವತ್ತು ದಾಟಿದೆ. ಅವರೂ ಪಶುವೈದ್ಯರೇ. ಗಬ್ಬದ ಕುರಿಗಳ ಮೇಲೆ ತಮ್ಮ ಸ್ವಂತ ಕುರಿಮನೆಯಲ್ಲೇ ಅಧ್ಯಯನ ನಡೆಸಿದ್ದರು. ಅವರು ಆಡುತ್ತಿದ್ದುದು ಇಂಗ್ಲಿಷು, ನನ್ನ ತಲೆಗೆ ಇಳಿಯುತ್ತಿದ್ದುದು ಔರಾದದ ಮಾತು. ತಲೆಗೆ ಇಳಿದ ಹಾಗೆಯೇ ಇಲ್ಲಿ ಬರೆಯುತ್ತೇನೆ, ಅವರೇನು ಕನ್ನಡ ಓದಿ ಜಗಳಕ್ಕೆ ಬರುವುದಿಲ್ಲ.

ಆ ರಾತ್ರಿ ಹನ್ನೆರಡಕ್ಕೆ ನನಗೆ ಎಚ್ಚರವಾಯಿತು. ಅಲ್ಲಿ ಹನ್ನೆರಡು ಎಂದರೆ ಬೀದರಿನಲ್ಲಿ ನಸುಕಿನ ನಾಲ್ಕೂವರೆ. ನಾನು ಏಳುವ ಹೊತ್ತು. ದೇಹ ನಾರ್ವೆಗೆ ಬಂದಿತ್ತು, ಒಳಗಿನ ಗಡಿಯಾರ ಇನ್ನೂ ಮೈಲೂರಿನಲ್ಲೇ ಕೂತಿತ್ತು. ಮಲಗಿ ಮಲಗಿ ಸಾಕಾಯಿತು. ನಮ್ಮಪ್ಪ ಎದ್ದ ಕೂಡಲೇ ಮುಖ ತೊಳೆಯುವ ಮುಂಚೆ ಕುರಿ ನೋಡುತ್ತಿದ್ದರು. ಆ ರಕ್ತ ಎಲ್ಲಿ ಹೋದೀತು? ಕೋಟು ಹಾಕಿಕೊಂಡು ಕುರಿಮನೆಗೆ ನಡೆದೆ. ಒಳಗೆ ಕೈಗೆ ಕೈ ಕಾಣದಷ್ಟು ಕತ್ತಲೆ. ಗೋಡೆ ತಡವಿ ಸ್ವಿಚ್ ಒತ್ತಿದೆ.

ಸೂರ್ಯ ಹುಟ್ಟಿದ ಹಾಗೆ ಬೆಳಕಾಯಿತು. ನಲವತ್ತು ಕುರಿಗಳೂ ಧಡಕ್ಕನೆ ಎದ್ದು ನನ್ನನ್ನು ನೋಡಿದವು. ನಾನು ಅವುಗಳನ್ನು ನೋಡಿ ಸಂತೋಷಪಡುತ್ತ ನಿಂತಿದ್ದಾಗ ಇಂಗ್ರಿಡ್ ಬಾಯಿ ಮಲಗುವ ಬಟ್ಟೆಯ ಮೇಲೆ ಗಂಬೂಟು ಹಾಕಿಕೊಂಡು ಓಡಿ ಬಂದರು.

“ಬಂದ್ ಮಾಡ್ರಿ! ಮೊದಲ ಬಂದ್ ಮಾಡ್ರಿ!”

ಬೆಂಕಿ ಬಿತ್ತೇನೋ ಅಂದುಕೊಂಡು ಬಂದ್ ಮಾಡಿದೆ. ಅವರು ಮಂದ ಕೆಂಪು ಬ್ಯಾಟರಿ ಹಚ್ಚಿದರು. ಆ ಕೆಂಪು ಬೆಳಕಿನಲ್ಲಿ ನನ್ನನ್ನು ಸರಿಯಾಗಿ ಹತ್ತು ನಿಮಿಷ ಬೈದರು. “ಒಂದು ರಾತ್ರಿ ಹಾಳ ಮಾಡಿದ್ರಿ. ಗಬ್ಬದ ಕುರಿ ಮನ್ಯಾಗ ನಡುರಾತ್ರ್ಯಾಗ ಯಾರರ ಲೈಟ್ ಹಚ್ತಾರೇನ್ರಿ? ನೀವು ಡಾಕ್ಟರಾ ಏನ್ ಮತ್ತ?” ಎಂದರು.

ನನಗೂ ಸಿಟ್ಟು ಬಂತು. ಇಪ್ಪತ್ತೇಳು ವರ್ಷದ ಸರ್ವೀಸು ನನ್ನದು. ಎಷ್ಟು ದೇವಣಿ ತಳಿಯ ಆಕಳಿಗೆ, ಎಷ್ಟು ಎಮ್ಮೆಗೆ ಹೆರಿಗೆ ಮಾಡಿಸಿದ್ದೇನೆ, ಲೆಕ್ಕವಿಲ್ಲ. ಎಲ್ಲ ಲೈಟಿನಲ್ಲೇ. ಒಂದು ಲೈಟಿಗೆ ಇಷ್ಟು ರಾದ್ಧಾಂತವೇ ಎಂದು ಗೊಣಗುತ್ತ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ.

ನಾಲ್ಕನೆಯ ದಿನ, ಕಾಫಿ ಮೇಜು

ಮುಂಜಾನೆ ಅಡುಗೆಮನೆಗೆ ಹೋದರೆ ಮೇಜಿನ ಮೇಲೆ ಮೋಂಬತ್ತಿ ಉರಿಯುತ್ತಿತ್ತು. ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡು ತಲೆ ತಗ್ಗಿಸಿ ಕೂತೆ. ನಮ್ಮ ಕಡೆ ಹಗಲು ದೀಪ ಹಚ್ಚಿಡುವುದು ದೇವರ ಮುಂದೆ, ಇಲ್ಲವೆ ಸತ್ತವರ ಫೋಟೋ ಮುಂದೆ. ಆಮೇಲೆ ಗೊತ್ತಾಯಿತು, ಆ ಜನ ನಾಷ್ಟಾಕ್ಕೂ ಮೋಂಬತ್ತಿ ಹಚ್ಚುತ್ತಾರೆ. ಅದು ಅವರಿಗೆ ಖುಷಿ. ಕಂದು ಬಣ್ಣದ ಒಂದು ಚೀಜು ಕೊಟ್ಟರು. ತಳ ಹತ್ತಿದ ಖವಾ ತಿಂದಂತಿತ್ತು. ನಾನು ಕಟ್ಟಿಕೊಂಡು ಹೋಗಿದ್ದ ಕಟಕ ರೊಟ್ಟಿ, ಖಾರದ ಶೇಂಗಾ ಹಿಂಡಿ ಇಂಗ್ರಿಡ್ ಬಾಯಿಗೆ ಕೊಟ್ಟೆ. ಒಂದು ತುಂಡು ಬಾಯಿಗೆ ಹಾಕಿ ಕಣ್ಣಲ್ಲಿ ನೀರು ತಂದುಕೊಂಡು “ಛಲೋ ಅದ” ಎಂದರು. ಬೈದದ್ದಕ್ಕೆ ಹಿಂಡಿಯೇ ಸೇಡು ತೀರಿಸಿತು.

ಆಮೇಲೆ ಅವರೇ ಮಾತು ತೆಗೆದರು.

“ಹೊಟ್ಟ್ಯಾಗಿನ ಮರಿಗಿ ಹಗಲು ಯಾವುದು, ರಾತ್ರಿ ಯಾವುದು, ಹ್ಯಾಂಗ ತಿಳೀಬೇಕ್ರಿ ಡಾಕ್ಟರೆ? ಅಲ್ಲಿ ಕಿಟಕಿ ಅದನೋ, ಗಡಿಯಾರ ಅದನೋ?”

ಹಗಲು ರಾತ್ರಿ ಎಂದ ಕೂಡಲೇ ನನಗೆ ಹಳೆಯ ಪಾಠ ನೆನಪಾಯಿತು. ಕತ್ತಲಲ್ಲಿ ಮೈಯೊಳಗೆ ಊರುವ ಹಾರ್ಮೋನು, ಮೆಲಟೋನಿನ್ ಎಂಬ ಹೆಸರು ನನಗೆ ಹೊಸದಲ್ಲ. ಹಗಲು ಮೋಟಾಗಿ ರಾತ್ರಿ ಉದ್ದವಾದಾಗ ಕುರಿಯ ಮೈಯಲ್ಲಿ ಅದು ಹೆಚ್ಚು ಹೊತ್ತು ಇರುತ್ತದೆ, ಆಗ ಕುರಿ ಬೆದೆಗೆ ಬರುತ್ತದೆ ಎಂದು ಕಾಲೇಜಿನಲ್ಲಿ ಉರು ಹೊಡೆದು ಬರೆದಿದ್ದೆ. ಬರೆದು ಮರೆತಿದ್ದೆ. ಹೊಟ್ಟೆಯೊಳಗಿನ ಮರಿಯ ಬಗ್ಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

“ತಾಯಿ ಹೇಳ್ತಾಳ್ರಿ” ಎಂದರು ಇಂಗ್ರಿಡ್ ಬಾಯಿ. “ತಾಯಿ ಮಿದುಳಿನ ನಡುವ ಒಂದು ಸಣ್ಣ ಗ್ರಂಥಿ ಅದ. ಕತ್ತಲಾದ ಮ್ಯಾಲ ಅದು ಮೆಲಟೋನಿನ್ ಬಿಡ್ತದ. ಅದು ತಾಯಿ ರಕ್ತದಾಗ ಹೋಗಿ, ಮಾಸು ದಾಟಿ, ಮರಿ ಮಿದುಳಿನ ತನಕ ಮುಟ್ಟತದ. ಮರಿ ಇನ್ನೂ ತನ್ನದು ತಾ ಮಾಡ್ಕೊಳ್ಳಲ್ಲ. ಹುಟ್ಟಿದ ಮ್ಯಾಲ ಮಾಡ್ಕೊತದ. ಅಲ್ಲಿ ತನಕ ತಾಯಿ ಕಡಿಂದನೇ ಉದ್ರಿ, ಸಾಲ. ಆ ಮಿದುಳಿನಾಗ ಒಂದು ಗಡಿಯಾರ ತಯಾರ ಆಗಲಾಕತ್ತದ. ಅದಕ್ಕ ದಿನಾ ಚಾವಿ ಕೊಡೋದು ಈ ಮೆಲಟೋನಿನ್.”

“ಲೈಟ್ ಹಚ್ಚಿದ್ರ?”

“ಸ್ವಲ್ಪ ಹೊತ್ತಿನ್ಯಾಗ ತಾಯಿ ರಕ್ತದಾಗ ಅದು ಇಳೀತದ. ನಿನ್ನಿ ನೀವು ನಲವತ್ತು ಮರಿಗೋಳಿಗಿ ನಡುರಾತ್ರ್ಯಾಗ ‘ಬೆಳಗಾತು ಏಳ್ರಿ’ ಅಂತ ಸುಳ್ಳು ಹೇಳಿದ್ರಿ.”

ಇನ್ನೂ ಹೇಳಿದರು. ಹೊಟ್ಟೆಯಲ್ಲಿ ಮರಿಗೆ ಪ್ರಾಣವಾಯು ಕಡಿಮೆ ಬಿದ್ದಾಗ, ಬೆಳವಣಿಗೆ ಕುಂಠಿತವಾದಾಗ ಈ ಮೆಲಟೋನಿನ್ ಎಳೆಯ ಮಿದುಳಿನ ಕಣಗಳಿಗೆ ಕಾವಲು ನಿಲ್ಲುತ್ತದೆ ಎಂದು ಕಾಣುತ್ತದಂತೆ. ಅದನ್ನು ಇನ್ನೂ ಹಲವರು ಹಲವು ಕಡೆ ನೋಡುತ್ತಿದ್ದಾರಂತೆ. ಒಂದು ರಾತ್ರಿ ಲೈಟು ಹತ್ತಿದರೆ ಮರಿ ಕೆಡುವುದಿಲ್ಲ, ಆದರೆ ದಿನಾ ರಾತ್ರಿ ಹತ್ತಿದರೆ ಗಡಿಯಾರ ಸರಿಯಾಗಿ ಕೂಡುತ್ತದೋ ಇಲ್ಲವೋ ಎಂಬುದೇ ತಮ್ಮ ಪ್ರಶ್ನೆ ಎಂದರು. ಅವರ ಮಾತಿನಲ್ಲಿ ‘ಕಾಣ್ತದ’, ‘ಇನ್ನೂ ಗೊತ್ತಿಲ್ಲ’ ಎಂಬುದೇ ಹೆಚ್ಚು. ನಮ್ಮ ಕಡೆ ಡಾಕ್ಟರು ಗೊತ್ತಿಲ್ಲ ಎಂದರೆ ಮಂದಿ ಬೇರೆ ಡಾಕ್ಟರನ್ನು ಹುಡುಕುತ್ತಾರೆ.

ನಾನು ಕಾಫಿ ಬಟ್ಟಲು ಕೆಳಗಿಟ್ಟೆ. ನನ್ನ ಮಗಳು ಸುಜಾತಾ ಆಗ ಏಳು ತಿಂಗಳ ಬಸುರಿ. ಚೊಚ್ಚಲು. ಕೊಟ್ಟ ಮನೆ ಭಾಲ್ಕಿ ತಾಲ್ಲೂಕಿನ ಸಾಯಗಾಂವ. ಭಾಲ್ಕಿಯ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. ಎರಡು ತಿಂಗಳಿಂದ ಅವಳಿಗೆ ಬರೀ ರಾತ್ರಿ ಪಾಳಿ. ಸಂಜೆ ಎಂಟರಿಂದ ಮುಂಜಾನೆ ಎಂಟರವರೆಗೆ ಹಾಲಿನಂಥ ಬೆಳಕಿನಲ್ಲಿ ನಿಂತು ಮಂದಿಯ ಕೂಸುಗಳನ್ನು ಎತ್ತಿಕೊಳ್ಳುತ್ತಿದ್ದಳು. ಹಗಲು ಪಾಳಿ ಕೊಡಿ ಎಂದು ಎರಡು ಸಲ ಅರ್ಜಿ ಕೊಟ್ಟಿದ್ದಳು. ‘ಎಲ್ಲಾರೂ ಬಸುರಾಗ್ತಾರ’ ಎಂದು ಅಲ್ಲಿನ ಮೇಟ್ರನ್ ಅರ್ಜಿ ತಿರುಗಿ ಕೊಟ್ಟಿದ್ದರು.

ಕುರಿಯ ರಾತ್ರಿ ಕೆಟ್ಟಿತೆಂದು ಒಬ್ಬ ಮುದುಕಿ ಚಳಿಯಲ್ಲಿ ಓಡಿ ಬಂದು ಬೈಯುತ್ತಾಳೆ. ನನ್ನ ಮಗಳ ರಾತ್ರಿ ಎರಡು ತಿಂಗಳಿಂದ ಕೆಡುತ್ತಿದೆ, ಒಬ್ಬರೂ ಬೈದಿಲ್ಲ. ನಾನೂ ಬೈದಿರಲಿಲ್ಲ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅವ್ವಾ’ ಎಂದಿದ್ದೆ.

ಅದೇ ದಿನ, ಗಾಳಿಯಲ್ಲಿ ಏಳು ನಿಮಿಷ

ಕುರಿಮನೆಯ ಹೊರಗೆ ಮಾತ್ರ ಫೋನಿಗೆ ಸಿಗ್ನಲ್ಲು. ಸಮುದ್ರದ ಗಾಳಿ ಕಿವಿ ಹರಿದುಕೊಂಡು ಹೋಗುವಂತೆ ಬೀಸುತ್ತಿತ್ತು. ಸುಜಾತಾ ಫೋನು ಎತ್ತಲಿಲ್ಲ, ಹಗಲು ನಿದ್ದೆಯಲ್ಲಿದ್ದಳು. ಹಾಗಾಗಿ ಅಳಿಯ ಸಂತೋಷನಿಗೆ ವಾಟ್ಸಾಪಿನಲ್ಲಿ ಏಳು ನಿಮಿಷದ ಮಾತು ಕಳಿಸಿದೆ. ಸಂತೋಷ ಭಾಲ್ಕಿಯಲ್ಲಿ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರು. ಅವನಿಗೆ ತಿಳಿಯುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ: ಬಸುರಿ ಹೆಣ್ಣು ಕತ್ತಲಲ್ಲಿ ಮಲಗಿದರೆ ಮೈಯಲ್ಲಿ ಮೆಲಟೋನಿನ್ ಹೆಚ್ಚಾಗುತ್ತದೆ, ಅದು ಕೂಸಿಗೆ ಹೋಗುತ್ತದೆ, ಲೈಟು ಹತ್ತಿದರೆ ಕಡಿಮೆಯಾಗುತ್ತದೆ, ಈ ವಿಷಯ ಭಾಳ ಮಹತ್ವದ್ದು, ನಿಮ್ಮ ತಾಯಿಗೂ ಹೇಳು.

ಆ ಕಡೆಯಿಂದ ಎರಡು ನೀಲಿ ಗೀಟು ಬಂದವು, ಜೋಡಿಸಿದ ಎರಡು ಕೈ ಬಂದವು. ಕೆಲಸ ಆಯಿತು ಅಂದುಕೊಂಡು ಸಮಾಧಾನದಿಂದ ಕುರಿಗಳಿಗೆ ಹುಲ್ಲು ಹಾಕಲು ಹೋದೆ.

ಶನಿವಾರ, ಬಸ್ಸು ಮತ್ತು ವೀಡಿಯೊ ಕಾಲು

ಶನಿವಾರ ಪೇಟೆ ನೋಡಲು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಆರು ಜನ, ಆರು ಮಂದಿಯೂ ಬೇರೆ ಬೇರೆ ಸೀಟಿನಲ್ಲಿ. ನಾನು ರೂಢಿಯಂತೆ ಒಬ್ಬ ಮುದುಕರ ಪಕ್ಕ ಕೂತು “ಹಲೋ” ಎಂದೆ. ಮುಂದಿನ ಸ್ಟಾಪಿನಲ್ಲಿ ಅವರು ಎದ್ದು ಬೇರೆ ಸೀಟಿಗೆ ಹೋದರು. ಔರಾದ ಬಸ್ಸಿನಲ್ಲಿ ಸಂತಪುರ ಬರುವುದರೊಳಗೆ ಪಕ್ಕದವರ ಮಗಳ ಮದುವೆಯ ಮಾತು ಮುಗಿದು ಮೊಮ್ಮಕ್ಕಳ ಹೆಸರು ಗೊತ್ತಾಗಿರುತ್ತದೆ. ಇಲ್ಲಿ ನನಗೆ ಮೈಯಲ್ಲಿ ತುರಿಕೆ ಇದೆಯೇನೋ ಎಂಬಂತೆ ನೋಡಿದರು. ಸಿಟ್ಟಾದೆ. ಆದರೆ ಪೇಟೆಯಲ್ಲಿ ಒಂದು ನೋಡಿದೆ: ಸಂಜೆ ಐದಕ್ಕೆ ಅಂಗಡಿಗಳು ಕದ ಹಾಕಿ, ದೊಡ್ಡ ದೀಪ ಆರಿಸಿ ಮನೆಗೆ ಹೋದವು. ನಮ್ಮ ಕಡೆ ಮದುವೆ ಮನೆಯ ಸೀರಿಯಲ್ ಲೈಟು ಮದುಮಕ್ಕಳು ಹನಿಮೂನು ಮುಗಿಸಿ ಬಂದರೂ ಉರಿಯುತ್ತಿರುತ್ತದೆ.

ಹಿಂದಿರುಗಿ ಬಂದು ಆರೂವರೆಗೆ ಸುಜಾತಾಗೆ ವೀಡಿಯೊ ಕಾಲು ಮಾಡಿದೆ. ಅಲ್ಲಿ ಹನ್ನೊಂದು ಗಂಟೆ. ವಾರದ ರಜೆ, ಅವಳು ಮನೆಯಲ್ಲಿದ್ದಳು. ಮಲಗಿರಬಹುದು ಎಂಬ ಅಂಜಿಕೆಯಲ್ಲೇ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ಹಾಸಿಗೆಯಲ್ಲಿ ಕೂತಿದ್ದಳು. ತಲೆಯ ಮೇಲೆ ಉದ್ದದ ಟ್ಯೂಬ್‌ಲೈಟು ಉರಿಯುತ್ತಿತ್ತು. ಮುಖ ಬಾಡಿತ್ತು.

“ಇನ್ನೂ ಲೈಟ್ ಯಾಕ ಹಚ್ಚೀದಿ ಅವ್ವಾ? ಸಂತೋಷಗ ಹೇಳಿದ್ನಲ್ಲ?”

“ನೀವು ಹೇಳಿದ್ದಕ್ಕೇ ಹಚ್ಚ್ಯಾರಪ್ಪಾ.”

“ನಾ ಹೇಳಿದ್ದಕ್ಕ?”

“ಹೂಂ. ಕತ್ತಲ್ಯಾಗ ಮಲಗಿದ್ರ ಮೆಲನಿನ್ ಜಾಸ್ತಿ ಆಗ್ತದ, ಕೂಸಿಗಿ ಹೋಗ್ತದ ಅಂತ ಹೇಳೀರಂತ. ಮೆಲನಿನ್ ಅಂದ್ರ ಮೈ ಕಪ್ಪಾಗೋದು ಅಂತ ಇವ್ರು ಅತ್ತಿಗಿ ತಿಳಿಸಿ ಹೇಳ್ಯಾರ. ಅವತ್ತಿನಿಂದ ಅತ್ತಿ ಲೈಟ್ ಬಂದ್ ಮಾಡಲಾಕ ಬಿಡವಲ್ರು. ‘ನಿಮ್ಮಪ್ಪ ಪರದೇಶದಾಗ ಹೋಗಿ ಛಲೋ ಕೆಲಸ ಮಾಡ್ಯಾರ’ ಅಂದ್ರು.”

ಗಾಳಿ ಮೆಲಟೋನಿನ್ನಿನ ‘ಟೋ’ ಅಕ್ಷರ ಒಂದನ್ನು ನುಂಗಿತ್ತು. ಉಳಿದದ್ದನ್ನು ವಿಜ್ಞಾನದ ಮೇಷ್ಟ್ರು ತುಂಬಿದ್ದರು. ಬಿಸಿಲಿಗೆ ಮೈ ಕಪ್ಪಾಗುತ್ತದೆ ಎಂದು ವರ್ಷ ವರ್ಷ ಹುಡುಗರಿಗೆ ಪಾಠ ಹೇಳುವ ಮನುಷ್ಯ, ಕತ್ತಲಿಗೆ ಕಪ್ಪಾಗುತ್ತದೆ ಎಂದರೆ ನಂಬಿಬಿಟ್ಟ! ಏಳು ನಿಮಿಷದಲ್ಲಿ ಒಂದು ನಿಮಿಷವಾದರೂ ಕೇಳಿದ್ದನೋ ಇಲ್ಲವೋ.

“ನೀ ನರ್ಸ್ ಇದ್ದಿ. ನಿಂಗ ಗೊತ್ತಾಗಲಿಲ್ಲೇನು?”

“ಗೊತ್ತದಪ್ಪಾ. ಅತ್ತಿ ಜೋಡಿ ಯಾರು ಹುಜ್ಜತ್ ಮಾಡಬೇಕು? ಡ್ಯೂಟ್ಯಾಗೂ ಲೈಟು, ಮನ್ಯಾಗೂ ಲೈಟು.” ಸ್ವಲ್ಪ ತಡೆದು ಹೇಳಿದಳು, “ಕೂಸು ನನ್ನಂಗ ಆಗಬಾರ್ದು ಅಂತ್ರಿ ಅವ್ರಿಗಿ.”

ಸುಜಾತಾ ನನ್ನ ಬಣ್ಣ. ನಾನು ನಮ್ಮಪ್ಪನ ಬಣ್ಣ. ಹೊಲ, ಕುರಿ, ಬಿಸಿಲು ಕೂಡಿ ಕೊಟ್ಟದ್ದು. ನಮ್ಮ ಕುರಿಯ ಉಣ್ಣೆ ಕರ್ರಗಿದ್ದಷ್ಟು ಕಿಮ್ಮತ್ತು ಜಾಸ್ತಿ, ಬಣ್ಣ ಹಾಕದ ಕರಿ ಕಂಬಳಿ ಎಂದರೆ ದೇವರ ಕೆಲಸಕ್ಕೂ ಬೇಕು. ಮನೆಗೆ ಬಂದ ಸೊಸೆ ಮಾತ್ರ ಬೆಳ್ಳಗಿರಬೇಕು, ಹುಟ್ಟುವ ಕೂಸು ಇನ್ನೂ ಬೆಳ್ಳಗಿರಬೇಕು. ಅದಕ್ಕಾಗಿ ಕೂಸಿನ ಪಾಲಿನ ರಾತ್ರಿಯನ್ನೇ ಟ್ಯೂಬ್‌ಲೈಟಿಗೆ ಒಪ್ಪಿಸಬೇಕು. ನನಗೆ ಮೈಯೆಲ್ಲ ಉರಿಯಿತು.

“ಅಪ್ಪಾ, ನನ್ನ ಕೂಸಿಗಿ ಏನರ ಆಗ್ಯದೇನು?”

ಅಷ್ಟು ಹೊತ್ತು ನನ್ನ ಸಿಟ್ಟೇ ನನಗೆ ದೊಡ್ಡದಾಗಿತ್ತು. ಆ ಮಾತು ಕೇಳಿ ಅದು ಇಳಿಯಿತು. ಇಲ್ಲವ್ವಾ, ಕೂಸು ಛಲೋ ಒದೀತದಲ್ಲ, ಸ್ಕ್ಯಾನ್ ಸರಿ ಬಂದದಲ್ಲ, ಫಿಕರ್ ಮಾಡಬ್ಯಾಡ, ಇದು ಅಂಜೋ ಮಾತಲ್ಲ, ಕಾಳಜಿ ಮಾಡೋ ಮಾತು ಎಂದೆ. ಸಂತೋಷನನ್ನು ಫೋನಿಗೆ ಕರೆಸಿದೆ. ಮೆಲಟೋನಿನ್ ಬೇರೆ, ಮೆಲನಿನ್ ಬೇರೆ ಎಂದು ಅವನ ಬಾಯಿಂದ ಮೂರು ಸಲ ಹೇಳಿಸಿದೆ. ಅವನು ತಲೆ ಕೆರೆದುಕೊಂಡ. “ತಪ್ಪಾತ್ರಿ ಮಾವಾರೆ, ಸಾಲಿಯಿಂದ ಗಾಡಿ ಮ್ಯಾಲ ಬರುವಾಗ ಕೇಳಿದೆ” ಎಂದ. ನನ್ನ ಎದುರಿಗೇ ಎದ್ದು ಲೈಟು ಆರಿಸಿದ. ಪರದೆ ಕಪ್ಪಾಯಿತು.

ಎರಡನೆಯ ವಾರ, ಒಂದು ಮಾತ್ರೆ

ಮೂರು ದಿನ ಬಿಟ್ಟು ಸಂತೋಷನ ಸಂದೇಶ ಬಂತು. ಈ ಸಲ ಅವನು ಓದಿಕೊಂಡಿದ್ದ, ಫೋನಿನಲ್ಲಿ. ‘ಮಾವಾರೆ, ಮೆಲಟೋನಿನ್ ಮಾತ್ರಿ ಸಿಗ್ತಾವಂತ. ಅಲ್ಲಿಂದ ಎರಡು ಡಬ್ಬಿ ತರ್ರಿ. ಇಕಿ ತೊಗೊಂಡು ನೈಟ್ ಡ್ಯೂಟಿ ಮಾಡಬಹುದು. ಮೇಟ್ರನ್ ಮೇಡಂ ಕೂಡ ಹೌದು ಅಂದ್ರು.’

ಮೇಟ್ರನ್ ಮೇಡಂ ಯಾಕೆ ಹೌದು ಅನ್ನುವುದಿಲ್ಲ? ಲೈಟು ಹಚ್ಚಿ ರಾತ್ರಿಯನ್ನು ಕಸಿದುಕೊಳ್ಳುವುದು, ಆಮೇಲೆ ಅದನ್ನೇ ಡಬ್ಬಿಯಲ್ಲಿ ತುಂಬಿ ನುಂಗು ಎನ್ನುವುದು. ಸಿಟ್ಟಿನಲ್ಲಿ ಇಂಗ್ರಿಡ್ ಬಾಯಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ನಾನು ಇಂಗ್ಲಿಷಿಗೆ ಇಳಿಸಿದ್ದನ್ನು ಕೇಳಿ, ಗಟ್ಟಿಯಾಗಿ ತಲೆ ಆಡಿಸಿದರು.

“ಬ್ಯಾಡ್ರಿ. ಬಸುರಿ ಹೆಣ್ಣಮಗಳಿಗಿ ಅದು ಎಷ್ಟು, ಯಾವಾಗ ಕೊಡಬೇಕು, ಕೊಟ್ರ ಕೂಸಿಗಿ ಏನಾಗ್ತದ, ನಮಗ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದ್ದು ಕೂಸಿಗಿ ಕೊಡಬಾರ್ದು. ಕತ್ತಲಿ ಕೊಡ್ರಿ. ಅದು ಗೊತ್ತದ, ಅದು ಹಳೇದು.”

ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಇವರ ದೇಶದ ದವಾಖಾನೆಗಳಲ್ಲೂ ಹೆಂಗಸರು ರಾತ್ರಿ ದುಡಿಯುತ್ತಾರಂತೆ. ಆದರೆ ಬಸುರಿಯಾದವಳು ನನಗೆ ರಾತ್ರಿ ಒಲ್ಲೆ ಎಂದು ಡಾಕ್ಟರ ಚೀಟಿ ತಂದರೆ ಹಗಲು ಕೊಡಬೇಕಂತೆ. ನಾನು ಹಾಂ ಹೂಂ ಅಂದೆ. ಒಳಗೆ ಹೊಟ್ಟೆಕಿಚ್ಚಾಯಿತು. ಒಳ್ಳೆಯ ದೇಶ ನೋಡಿದಾಗ ಸಂತೋಷವಾಗಬೇಕು, ನನಗೆ ಯಾಕೋ ಅವಮಾನವಾದಂತಾಯಿತು. ಉಳಿದ ದಿನಗಳಲ್ಲಿ ಸಮುದ್ರ ನೋಡಿದೆ, ಹಿಮದಲ್ಲಿ ಎರಡು ಸಲ ಜಾರಿ ಬಿದ್ದೆ, ಒಣ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೆ. ಅದೆಲ್ಲ ಹೇಳುವ ಉಮೇದು ಇಲ್ಲ. ಮನಸ್ಸು ಸಾಯಗಾಂವದಲ್ಲಿತ್ತು.

ವಾಪಸ್, ಸಾಯಗಾಂವ

ಬಂದ ನಾಲ್ಕನೆಯ ದಿನ ಸುಜಾತಾಳ ಕುಬಸ. ನಮ್ಮ ಕಡೆ ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ತವರಿಗೆ ಕಳಿಸುವ ಕಾರ್ಯ. ನಾನು, ಹೆಂಡತಿ ಕಸ್ತೂರಿ ಬೆಳಿಗ್ಗೆಯೇ ಸಾಯಗಾಂವ ಮುಟ್ಟಿದೆವು. ನಡುಮನೆಯ ತುಂಬ ಹೆಂಗಸರು. ಸುಜಾತಾ ಮಣೆಯ ಮೇಲೆ ಕೂತಿದ್ದಳು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಹಿಂದಿನ ದಿನವೂ ರಾತ್ರಿ ಪಾಳಿ ಮಾಡಿ ಬಂದಿದ್ದಳಂತೆ.

ಬೀಗತಿ ಶಾಂತಾಬಾಯಿ ನನ್ನನ್ನು ಕರೆದು ಪಕ್ಕಕ್ಕೆ ಕೂಡಿಸಿದರು. “ಬೀಗರೆ, ಇವತ್ತ ಕರ್ಕೊಂಡು ಹೋಗ್ರಿ. ಸೋಮವಾರ ಕಳಸ್ರಿ. ಒಂಬತ್ತು ಬೀಳೋ ತನಕ ಡ್ಯೂಟಿ ಮಾಡ್ತೇನಿ ಅಂತ ದವಾಖಾನ್ಯಾಗ ಮಾತು ಕೊಟ್ಟಾಳ.”

“ರಾತ್ರಿ ಡ್ಯೂಟಿಗಿ ನಾ ಕಳಸಂಗಿಲ್ರಿ.”

“ಲೈಟಿಂದೇನ್ರಿ? ಸಂತೋಷ ಹೇಳ್ದ, ಅದು ಬಣ್ಣದ್ದಲ್ಲಂತ. ಬಣ್ಣದ್ದಲ್ಲ ಅಂದ ಮ್ಯಾಲ ಫಿಕರ್ ಯಾಕ?”

ನನಗೆ ತಡೆಯಲಾಗಲಿಲ್ಲ. “ಬೀಗತಿಯವ್ರೆ, ಗ್ರಹಣ ಹಿಡಿದ್ರ ನೀವು ಬಸುರಿಗಿ ಕದಾ ಹಾಕಿ, ಕಿಟಕಿಗಿ ಕೌದಿ ಕಟ್ಟಿ, ಎರಡು ತಾಸು ಕತ್ತಲ್ಯಾಗ ಕೂಡಸ್ತೀರಿ. ನೀರ ಸುದ್ದಾ ಕೊಡಂಗಿಲ್ಲ. ಎಂದೋ ಒಮ್ಮಿ ಬರೋ ಗ್ರಹಣಕ್ಕ ಇಷ್ಟು ಅಂಜತೀರಿ. ದಿನಾ ರಾತ್ರಿ ಹನ್ನೆರಡು ತಾಸು ಆಕಿಗಿ ಲೈಟಿನಾಗ ನಿಲ್ಲಸ್ತಾರ, ಅದಕ್ಯಾಕ ಅಂಜಂಗಿಲ್ಲ? ಪರದೇಶದಾಗ ಕುರಿಗಿ ಕೊಡೋ ಮರ್ಯಾದಿ ನಮ್ಮ ಮನಿ ಹೆಣ್ಣಮಗಳಿಗಿ ಇಲ್ಲೇನ್ರಿ?”

ದನಿ ಏರಿತ್ತು. ಹೆಂಗಸರು ಹಾಡು ನಿಲ್ಲಿಸಿದರು. ಬೀಗತಿಯ ಮುಖ ಗಂಟಾಯಿತು. ಶುಭಕಾರ್ಯದಲ್ಲಿ ಹೆಣ್ಣಿನ ಅಪ್ಪ ಹೀಗೆ ಕೂಗಾಡಬಾರದು ಎಂದು ನನಗೂ ಗೊತ್ತಿತ್ತು. ಕಸ್ತೂರಿ ದೂರದಿಂದಲೇ ಕಣ್ಣು ಕೆಕ್ಕರಿಸಿದಳು.

ಅಷ್ಟರಲ್ಲಿ ಸುಜಾತಾಳ ಫೋನು ರಿಂಗಾಯಿತು. ಅವಳ ಎರಡೂ ಕೈಗೆ ಅರಿಶಿನ ಹಚ್ಚಿದ್ದರು, ಪಕ್ಕದಲ್ಲಿದ್ದ ಸಂತೋಷ ಸ್ಪೀಕರ್ ಹಾಕಿ ಹಿಡಿದ. ಮೇಟ್ರನ್.

“ಸಿಸ್ಟರ್, ಇವತ್ತ ರಾತ್ರಿ ಎಂಟಕ್ಕ ಬರ್ಬೇಕು. ಇನ್ನೊಬ್ಬಾಕಿ ಬಂದಿಲ್ಲ.”

“ಮೇಡಂ, ಇವತ್ತ ನನ್ನ ಕುಬಸ ಅದರಿ.”

“ಕುಬಸ ಹಗಲ ಇರ್ತದಲ್ಲ? ರಾತ್ರಿ ಬಾ. ಬಸುರಾಗೋದು ಏನು ದೊಡ್ಡ ಮಾತಲ್ಲ, ನಾಯಿ ನರಿ ಸುದ್ದಾ ಆಗ್ತಾವ.”

ನಾನು ಏಳಲು ಹೋದೆ. ಸುಜಾತಾ ನನ್ನ ಕಡೆ ನೋಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಫೋನಿನ ಕಡೆ ಬಗ್ಗಿದಳು.

“ಮೇಡಂ, ಇವತ್ತ ಬರಂಗಿಲ್ರಿ. ನಾಳಿಗೂ ರಾತ್ರಿ ಪಾಳಿಗಿ ಬರಂಗಿಲ್ಲ. ಹೆರಿಗಿ ಆಗೋ ತನಕ ರಾತ್ರಿ ನಂದಲ್ರಿ, ನನ್ನ ಕೂಸಿಂದು. ಹಗಲ ಹಾಕ್ರಿ, ಮೈಲೂರಿನಿಂದ ಬಸ್ಸಿಗಿ ಬರ್ತೇನಿ. ಹಾಕಂಗಿಲ್ಲ ಅಂದ್ರ ಬರದು ಕೊಡ್ರಿ.”

“ಯಾರು ಕಲಿಸ್ಯಾರ ನಿಂಗ ಇಷ್ಟು ಮಾತು?” ಎಂದಿತು ಫೋನು.

ಆಗ ನಡೆದದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಶಾಂತಾಬಾಯಿ ಎದ್ದು ಹೋಗಿ ಮಗನ ಕೈಯಿಂದ ಫೋನು ಕಸಿದರು. “ನಾ ಕಲಿಸೀನ್ರಿ ಬಾಯಿ! ನಾಯಿ ನರಿ ಅಂತೀರೇನು ನಮ್ಮ ಸೊಸಿಗಿ? ಮಣಿ ಮ್ಯಾಲ ಕೂತಾಕಿಗಿ? ಬರಂಗಿಲ್ಲ ಅಂದ್ಳಲ್ಲ, ಕೇಳಿಸಲಿಲ್ಲೇನು? ಇಡ್ರಿ ಫೋನ್!” ಎಂದು ತಾವೇ ಇಟ್ಟರು. ಇಟ್ಟು, ಸೆರಗು ಸಿಗಿಸಿ, ಏನೂ ಆಗದವರಂತೆ ಹೆಂಗಸರಿಗೆ “ಹಾಡ್ರೇ, ಯಾಕ ನಿಲ್ಲಿಸೀರಿ?” ಎಂದರು.

ಅರ್ಧ ತಾಸಿನಲ್ಲಿ ಮೇಟ್ರನ್ ಸಂದೇಶ ಬಂತು: ಮುಂದಿನ ವಾರದಿಂದ ಹಗಲು ಪಾಳಿ. ಸಂತೋಷ ಅದನ್ನು ಎಲ್ಲರಿಗೂ ಓದಿ ಹೇಳಿದ, ತಾನೇ ಗೆದ್ದವನಂತೆ.

ಹೊರಡುವಾಗ ಬೀಗತಿ ಗಾಡಿಯ ತನಕ ಬಂದರು. “ಬೀಗರೆ, ಕತ್ತಲ್ಯಾಗ ಮಲಗಸ್ರಿ, ನಾ ಒಲ್ಲೆ ಅನ್ನಂಗಿಲ್ಲ. ಆದ್ರ ಕೇಸರಿ ಹಾಲು ಮಾತ್ರ ಬಿಡಸಬ್ಯಾಡ್ರಿ” ಎಂದು ಸಣ್ಣ ಡಬ್ಬಿಯನ್ನು ಕಸ್ತೂರಿಯ ಕೈಯಲ್ಲಿಟ್ಟರು. ಸಿಟ್ಟಾಗಲು ಬಾಯಿ ತೆರೆದೆ. ಸುಜಾತಾ ನಗುತ್ತಿದ್ದಳು, ಎಷ್ಟೋ ದಿನದ ಮೇಲೆ. ಬಾಯಿ ಮುಚ್ಚಿಕೊಂಡು ಗಾಡಿ ಶುರು ಮಾಡಿದೆ.

ಮೈಲೂರ

ಮನೆ ಮುಟ್ಟಿದಾಗ ಇಳಿಹೊತ್ತು. ಚಹ ಕುಡಿಯುತ್ತ ನಾನು ಕಾನೂನು ಹಾಕಿದೆ. ಒಂಬತ್ತರ ಮೇಲೆ ಸುಜಾತಾಳ ಖೋಲಿಯಲ್ಲಿ ದೀಪ ಇಲ್ಲ. ಫೋನು ಇಲ್ಲ. ಟಿವಿ ಇಲ್ಲ. ಬಾಗಿಲ ಸಂದಿಯಿಂದ ಸುದ್ದಾ ಬೆಳಕು ಹೋಗಬಾರದು. ಮಿದುಳು ಕಟ್ಟುವ ಕಾಲ ಇದು, ಕೂಸಿನ ರಾತ್ರಿಯನ್ನು ಕಸಿಯುವ ಹಕ್ಕು ಮೇಟ್ರನ್ನಿಗೂ ಇಲ್ಲ, ಬೀಗತಿಗೂ ಇಲ್ಲ, ಯಾರಪ್ಪನಿಗೂ ಇಲ್ಲ ಎಂದು ಕೈ ಎತ್ತಿ ಹೇಳಿದೆ. ಮಾತು ಹುರುಪಿಗೆ ಬಂದಿತ್ತು. ಆ ಮೇಟ್ರನ್ನನ್ನು, ಅಳಿಯನ ವಿಜ್ಞಾನವನ್ನು, ಬಿಳಿ ಕೂಸಿನ ಹುಚ್ಚನ್ನು ಒಂದೊಂದಾಗಿ ತೆಗೆದುಕೊಂಡು ಜಾಡಿಸಿದೆ. ಓದಿದ ಮಂದಿಯೇ ಹೀಗೆ ಮಾಡಿದರೆ ಹೇಗೆ ಎಂದೆ.

ಕಸ್ತೂರಿ ಮೊರದಲ್ಲಿ ಜೋಳ ಹಸನು ಮಾಡುತ್ತ ಎಲ್ಲ ಕೇಳಿದಳು.

“ಖರೇ ಅದ ಬಿಡ್ರಿ” ಎಂದಳು. “ಇಕಿ ನನ್ನ ಹೊಟ್ಟ್ಯಾಗಿದ್ದಾಗ ನಾವು ಔರಾದದಾಗ ಇದ್ವಿ. ಒಂದೇ ಖೋಲಿ. ನೀವು ಇಲಾಖೆ ಪರೀಕ್ಷಾಕ್ಕ ಓದ್ತಿದ್ರಿ. ಮೂರು ತಿಂಗಳು, ದಿನಾ ಬೆಳತನಕ, ನನ್ನ ತಲಿ ಮ್ಯಾಲೇ ಬಲ್ಬು. ನಾ ಒಂದು ಸಲ ಅಂದಿದ್ದೆ, ನಿದ್ದಿ ಬರವಲ್ದು, ಬಂದ್ ಮಾಡ್ರಿ ಅಂತ. ಏನಂದ್ರಿ, ನೆನಪದ?”

ನನಗೆ ನೆನಪಿರಲಿಲ್ಲ. ಸುಜಾತಾ ನನ್ನ ಮುಖ ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು.

“‘ಕಣ್ಣ ಮುಚ್ಚಿದ್ರ ಕತ್ತಲಿನೇ ಇರ್ತದಲ್ಲ’ ಅಂದ್ರಿ.” ಕಸ್ತೂರಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಮೊರ ಒಮ್ಮೆ ಕೇರಿ, ಹೊಟ್ಟು ಊದಿ, ಜೋಳ ಡಬ್ಬಿಗೆ ಸುರಿದಳು.

ಆ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾಗಿದ್ದೆ.